ಗೆರೆಯ ಮೇಲೆ ಬಿದ್ದ ಮಾತು

ನನಗೆ ಮಾತುಮಾತಿಗೆ ಸಿಟ್ಟು ಬರುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಸುಳ್ಳು. ಹೋದದ್ದು ತಾನೇ ತಿರುಗಿ ಬರಬೇಕು? ನನ್ನದು ಹೋಗುವುದೇ ಇಲ್ಲ. ಏಳನೇ ಇಯತ್ತೆಯಲ್ಲಿ ಮಾಸ್ತರರು "ಫಕ್ಕೀರಾ, ಹೊರಗ ಬಿಸಲಾಗ ನಿಂದ್ರು" ಎಂದರು. ನಾನು ನಿಂತೆ, ನಿಂತು ಒಂದು ಮಾತು ಅಂದೆ. ಅದು ಧ್ವಜದ ಕಂಬದ ಪಕ್ಕ ಬಿದ್ದು ಅಂಗೈಯಷ್ಟು ಕುಳಿ ಮಾಡಿತು. ಇವತ್ತಿಗೂ ಹುಡುಗರು ಪ್ರಾರ್ಥನೆಗೆ ಸಾಲು ನಿಲ್ಲುವಾಗ ಆ ಕುಳಿಯನ್ನು ಬಿಟ್ಟು ನಿಲ್ಲುತ್ತಾರೆ. ನಾನು ಮತ್ತೆ ಆ ಕಡೆ ಹೋಗಲಿಲ್ಲ. ಹೋಗಿ ಮಾಡುವುದೇನಿತ್ತು?

ನಮ್ಮ ಊರಿನಲ್ಲಿ ಆಡಿದ ಮಾತು ಮೊದಲು ನೆಲಕ್ಕೆ ಬೀಳುತ್ತದೆ, ಆಮೇಲೆ ಪುಟಿದು ಕಿವಿಗೆ ಬರುತ್ತದೆ. ಊರ ನಡುವೆ ಒಂದು ಟೆನಿಸ್ ಕೋರ್ಟು ಇದೆ. ಅದಕ್ಕೆ ಏನು ಹಾಸಿದ್ದಾರೋ ಊರಿಗೆಲ್ಲ ಅದೇ ನೆಲ. ಅಜ್ಜನ ಕಾಲದಲ್ಲಿ ಕೆಲವು ವರ್ಷ ಹುಲ್ಲು ಇತ್ತಂತೆ. ಆಗ ಮಾತು ಪುಟಿಯದೆ ಸರ್ರನೆ ಜಾರಿಕೊಂಡು ಹೋಗುತ್ತಿತ್ತಂತೆ. "ನಾ ಒಲ್ಲೆ ಅನ್ನೂದ್ರೊಳಗ ಕೊಳ್ಳಾಗ ತಾಳಿ ಬಿದ್ದಿತ್ತು" ಎಂದು ನಮ್ಮಜ್ಜಿ ಸಾಯುವ ತನಕ ಹುಲ್ಲಿಗೆ ಶಾಪ ಹಾಕಿದಳು. ನನಗೆ ತಿಳಿವಳಿಕೆ ಬಂದಾಗಿನಿಂದ ಇರುವುದು ಸಗಣಿ ಸಾರಿಸಿದ ಮಣ್ಣಿನ ಕೋರ್ಟು. ಈ ನೆಲದಲ್ಲಿ ಮಾತು ಧೂಳೆಬ್ಬಿಸಿ ಬೀಳುತ್ತದೆ, ಬಸುರಿಯ ಹಾಗೆ ನಿಧಾನ ಏಳುತ್ತದೆ, ಬಿದ್ದ ಕಡೆ ಗುರುತು ಬಿಡುತ್ತದೆ. ಬೈಸಿಕೊಂಡವನಿಗೆ ಪಕ್ಕಕ್ಕೆ ಸರಿಯಲು ಹೊತ್ತು ಸಿಗುತ್ತದೆ. ನನ್ನಂಥವನು ಹಲ್ಲು ಉಳಿಸಿಕೊಂಡು ಬಾಳಿದ್ದು ಅದರಿಂದಲೇ. ಮೌಲಾಸಾಬನ ಅಂಗಡಿಯಲ್ಲಿ ನಿಂತು "ಇದೇನು ಚಹಾನೋ, ಪಾತ್ರಿ ತೊಳದ ನೀರೋ?" ಎಂದರೆ, ಆ ಮಾತು ಬಿದ್ದು ಎದ್ದು ಅವನನ್ನು ಮುಟ್ಟುವ ಹೊತ್ತಿಗೆ ಅವನು ಇನ್ನೊಂದು ಕಪ್ಪು ಸೋಸಿ ನನ್ನ ಕೈಗೆ ಕೊಟ್ಟಿರುತ್ತಿದ್ದ.

ಬೆಳಿಗ್ಗೆ ಹೆಂಗಸರು ಅಂಗಳ ಸಾರಿಸಿ, ಮನೆಯ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ. ಗೆರೆಯ ಒಳಗೆ ಬಿದ್ದ ಮಾತು ನಿಂತ ಮಾತು. ಹೊರಗೆ ಬಿದ್ದದ್ದು ಬರೀ ಗಾಳಿ. ಜಾಣರು ಜಗಳದಲ್ಲಿ ಬೇಕೆಂದೇ ಗೆರೆಯಾಚೆ ಬೀಳುವಂತೆ ಬೈಯುತ್ತಾರೆ. ಬೈದ ಸಮಾಧಾನವೂ ಆಯಿತು, ಹೊಣೆಯೂ ಇಲ್ಲ. ಗೆರೆಯ ಹತ್ತಿರ ಬಿದ್ದು ಅನುಮಾನವಾದರೆ ಶಾವಂತ್ರಕ್ಕನನ್ನು ಕರೆಯಬೇಕು. ಕೋರ್ಟಿನ ಎತ್ತರದ ಕುರ್ಚಿಯಲ್ಲಿ ಕೂರುವ ಅಂಪೈರ್ ಅವಳು. ಚೆಂಡಾದರೂ ಅಷ್ಟೆ, ಮಾತಾದರೂ ಅಷ್ಟೆ, ಸೀರೆಯ ನೆರಿಗೆ ಹಿಡಿದು ಬಗ್ಗಿ ಗುರುತು ನೋಡಿ "ಒಳಗ" ಅಥವಾ "ಹೊರಗ" ಎಂದು ಹೇಳಿ ನಡೆದುಬಿಡುತ್ತಾಳೆ. ಅವಳು ಒಳಗೆ ಎಂದ ಗುರುತನ್ನು ಯಾರೂ ಸಾರಿಸಿ ಅಳಿಸುವಂತಿಲ್ಲ. ಆದರೆ ಗುರುತು ಇರುವ ತನಕ ಮರುನೋಟ ಕೇಳಬಹುದು. ಈ ನೆಲದ ಒಂದು ದೊಡ್ಡತನ ಇದು ಎಂದು ನನಗೆ ಗೊತ್ತಾಗುವ ಹೊತ್ತಿಗೆ ನಾನೇ ಅದನ್ನು ಕಿತ್ತು ಹಾಕಿಸಲು ಊರೆಲ್ಲ ತಿರುಗಿ ಕೈ ಮುಗಿದಾಗಿತ್ತು.

ಆದದ್ದು ಇಷ್ಟು. ದೇಶದೇಶಗಳಲ್ಲಿ ಟೆನಿಸ್ ಪಂದ್ಯ ನಡೆಸುವ ಕಂಪನಿಯ ಸಾಹೇಬನೊಬ್ಬ ಜೀಪಿನಲ್ಲಿ ಬಂದ. ಜೊತೆಗೆ ಪಿಂಟೋ ಎಂಬ ದೊಡ್ಡ ಆಟಗಾರನನ್ನು ಕರೆತಂದಿದ್ದ. ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ, ನಗುಮುಖದ ಮನುಷ್ಯ. ಕೋರ್ಟಿಗೆ ಸಿಮೆಂಟು ಹಾಕಿದರೆ ವರ್ಷಾ ವರ್ಷ ಇಲ್ಲಿ ಟೂರ್ನಿ ನಡೆಸುತ್ತೇವೆ, ಊರಿನ ಒಬ್ಬ ಆಟಗಾರನಿಗೆ ಒಂದು ಜಾಗ ಕೊಡುತ್ತೇವೆ ಎಂದ ಸಾಹೇಬ. ಊರಿನ ಆಟಗಾರ ಎಂದರೆ ಇನ್ನಾರು? ನಾನು. ಹದಿನಾಲ್ಕರಿಂದ ಈ ಕೋರ್ಟಿನಲ್ಲಿ ನನ್ನನ್ನು ಸೋಲಿಸಿದವನಿಲ್ಲ. ಓದು ಬಿಟ್ಟವನಿಗೆ ಇದೊಂದೇ ದಾರಿ, ಇದೊಂದೇ ಬಸ್ಸು. ಹತ್ತದೆ ಬಿಡುತ್ತೇನೆಯೇ? ಸಿಮೆಂಟು ಬೇಕೇ ಬೇಕು ಎಂದು ಓಣಿ ಓಣಿಯಲ್ಲಿ ಒದರಿದೆ.

ಆ ಕೋರ್ಟನ್ನು ನೋಡಿಕೊಳ್ಳುವವನು ನಮ್ಮಪ್ಪ ಕಲ್ಲಪ್ಪ. ಮಣ್ಣು ಜರಡಿ ಹಿಡಿಯುವವನು, ರೋಲರ್ ಎಳೆಯುವವನು, ಸಗಣಿ ಕಲಸುವವನು ಅವನೇ. ನನ್ನ ಸಿಟ್ಟು ಯಾರ ಕಡೆಯಿಂದ ಬಂತು ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಒಂದು ಮುಂಜಾನೆ ಅವನು ಹೊಸ್ತಿಲಲ್ಲಿ ನಿಂತ, ನಾನು ಅಂಗಳದಲ್ಲಿ ನಿಂತಿದ್ದೆ, ಅವ್ವ ಸುಣ್ಣದ ಗೆರೆ ಎಳೆದು ಮುಗಿಸಿದ್ದಳು.

"ಏನಲೇ, ನಾ ಸಾರಿಸಿದ ನೆಲದ ಮ್ಯಾಲೆ ಆಡಿ ದೊಡ್ಡಾಂವ ಆದಿ. ಈಗ ಅದರ ಮ್ಯಾಲೆ ಸಿಮೆಂಟ್ ಸುರೀತಿ?"

"ನೀ ಸಾರಿಸಿಕೋಂತ ಕುಂದ್ರಪಾ. ನಾ ಸಗಣ್ಯಾಗ ಸಾಯಾಕ ಹುಟ್ಟಿಲ್ಲ."

"ಹಂಗಾರ ಕೇಳು. ಸಿಮೆಂಟ್ ಬೇಕನ್ನಾಂವ ನನ್ನ ಮಗ ಅಲ್ಲ!"

ಮಾತು ಅಂಗಳ ದಾಟಿ ಹೋಗಿ ಗೆರೆಯ ಹತ್ತಿರ ಧೊಪ್ಪನೆ ಬಿತ್ತು. ಧೂಳು ಆರಿದ ಮೇಲೆ ಮೂವರೂ ನೋಡಿದೆವು. ಸುಣ್ಣಕ್ಕೆ ತಾಗಿತ್ತು ಎಂದರೆ ತಾಗಿತ್ತು, ಇಲ್ಲ ಎಂದರೆ ಇಲ್ಲ. ಅಪ್ಪನ ಮುಖವೂ ಒಂದು ಗಳಿಗೆ ಇಳಿಯಿತು. ಆದರೆ ಬಾಯಿ ಬಿಟ್ಟರೆ ಅವನು ಕಲ್ಲಪ್ಪ ಹೇಗಾದಾನು? ನಾನೇ ಹೋಗಿ ಶಾವಂತ್ರಕ್ಕನನ್ನು ಕರೆತಂದೆ. ಅವಳು ಬಗ್ಗಿದಳು, ತಲೆ ಓರೆ ಮಾಡಿ ನೋಡಿದಳು.

"ಗೆರಿ ಮ್ಯಾಲೆ ಬಿದ್ದೈತಿ. ಗೆರಿ ಮ್ಯಾಲೆ ಬಿದ್ದದ್ದು ಒಳಗ."

ಅವ್ವ ಸುಣ್ಣದ ಬಟ್ಟಲು ಕೆಳಗಿಟ್ಟು ಗೆರೆಯನ್ನೇ ನೋಡಿದಳು. ನಾನು ರಾಕೆಟ್ಟು ಎತ್ತಿಕೊಂಡು ಹೊರಟೆ. ಅವತ್ತಿನಿಂದ ಕೋರ್ಟಿನ ಪಕ್ಕದಲ್ಲಿ ನೆಟ್ಟು ಸುತ್ತಿಡುವ ತಗಡಿನ ಕೋಣೆಯೇ ನನ್ನ ಮನೆಯಾಯಿತು.

ಊಟಕ್ಕೆ ಮಾತ್ರ ಅವ್ವ ಬಿಡಲಿಲ್ಲ. "ಓಣ್ಯಾಗಿನ ಹುಡುಗಗ ಎರಡು ರೊಟ್ಟಿ ಕೊಟ್ಟರ ಯಾರ ಗಂಟು ಹೋಗತೈತಿ?" ಎಂದು ದಿನಾ ಕರೆಸಿದಳು. ಮಗನಲ್ಲದವನು ಗೆರೆ ದಾಟುವಂತಿಲ್ಲ. ಹಾಗಾಗಿ ನಾನು ಗೆರೆಯಾಚೆ ಕುಕ್ಕರಗಾಲಲ್ಲಿ ಕೂತು ಉಣ್ಣುತ್ತಿದ್ದೆ, ಅಪ್ಪ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದ. ಬೈದಿದ್ದರೆ ಸಹಿಸುತ್ತಿದ್ದೆ. ಅವನು ಮರ್ಯಾದೆ ಕೊಡತೊಡಗಿದ. "ಬರ್ರಿ, ಕುಂದರ್ರಿ. ಲೇ ದ್ಯಾಮವ್ವಾ, ಅವರಿಗೆ ಶೇಂಗಾ ಚಟ್ನಿ ಬೇಕೇನ ಕೇಳು." ನಾನೇನು ಕಡಿಮೆಯೇ? "ಸಾಕ್ರಿ ಕಲ್ಲಪ್ಪನವರ, ನಿಮ್ಮ ದಯೆ" ಎನ್ನುತ್ತಿದ್ದೆ. ಆ "ರಿ" ಇದೆಯಲ್ಲ, ಹಸಿ ಮೆಣಸಿನಕಾಯಿ ಅಗಿದಂತೆ ಗಂಟಲಲ್ಲಿ ಉರಿಯುತ್ತಿತ್ತು. ಅವ್ವ ನಮ್ಮಿಬ್ಬರ ಕಡೆಯೂ ನೋಡುತ್ತಿರಲಿಲ್ಲ. ಬೆಳಿಗ್ಗೆ ನಾನು ಹೋದಾಗ ಅವಳು ಬಗ್ಗಿ ಗೆರೆ ಎಳೆಯುತ್ತಿರುತ್ತಿದ್ದಳು. ಆ ಗುರುತನ್ನು ಮಾತ್ರ ಬಿಟ್ಟು, ಸುತ್ತ ಸಾರಿಸುತ್ತಿದ್ದಳು. ಬರಬರುತ್ತ ಚಟ್ನಿಯ ವಾಸನೆ ಮೊದಲಿಗಿಂತ ಹತ್ತಿರದಿಂದ ಬಂದ ಹಾಗೆ ಅನ್ನಿಸುತ್ತಿತ್ತು. ಹಸಿವೆ ಇರಬೇಕು ಅಂದುಕೊಂಡೆ.

ನೆಲದ ತೀರ್ಮಾನಕ್ಕೆ ಕೋರ್ಟಿನಲ್ಲೇ ಸಭೆ ಕೂಡಿತು. ಸಾಹೇಬ ಇಸ್ತ್ರಿ ಮುರಿಯದ ಅಂಗಿಯಲ್ಲಿ ನಿಂತು ಜಗತ್ತಿನ ಎಲ್ಲ ಕೋರ್ಟುಗಳೂ ಒಂದೇ ನಮೂನೆ ಇದ್ದರೆ ಆಟಗಾರರಿಗೆ ಎಷ್ಟು ಅನುಕೂಲ ಎಂದು ವಿವರಿಸಿದ. ನಮ್ಮಪ್ಪ ಎದ್ದ.

"ಎಲ್ಲಾ ಊರಿಗೂ ಒಂದ ನೆಲ ಹಾಸಿದ್ರ ಇವರು ಊರೂರು ಯಾಕ ತಿರಗಬೇಕ್ರಿ? ಒಂದ ಕಡಿ ಕುಂತು ಆಡ್ಲಿ. ಬಸ್ ಚಾರ್ಜ್ ಉಳೀತೈತಿ."

ಜನ ನಕ್ಕರು. ಪಿಂಟೋನೂ ನಕ್ಕ, ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದುನಿಂತ. "ಅಲ್ಲ ಮಾರಾಯ್ರೆ, ನಿಮಗೆ ತಮಾಷೆ. ನಾವು ಸ್ವಲ್ಪ ದಿನ ಮಣ್ಣಲ್ಲಿ ಜಾರಿ ಜಾರಿ ಆಡ್ಬೇಕು. ಅದು ಕಾಲಿಗೆ ಕೂತಿತು ಅನ್ನುವಾಗ ಹುಲ್ಲು. ಹುಲ್ಲಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಯ್ತು ಅನ್ನುವಾಗ ಸಿಮೆಂಟು. ಬೆಳಿಗ್ಗೆ ಎದ್ದ ಕೂಡ್ಲೆ ನನ್ನ ಮೊಣಕಾಲು ಕೇಳ್ತದೆ, ಇವತ್ತು ಯಾವ ನೆಲ ಅಂತ. ನನಗೇ ಗೊತ್ತಿರುವುದಿಲ್ಲ. ಯಾವುದಾದ್ರೂ ಒಂದು ಮಾಡಿ. ಸಗಣಿಯಾದ್ರೆ ಸಗಣಿ."

ಸಾಹೇಬ ಅವನ ಅಂಗಿ ಹಿಡಿದು ಕೂರಿಸಿದ.

ಮೌಲಾಸಾಬ ಕೈ ಎತ್ತಿದ. "ಸಾಹೇಬ್ರ, ಸಿಮೆಂಟಿನ ಮ್ಯಾಲೆ ಗುರುತ ಬೀಳೂದಿಲ್ಲ. ಒಳಗೋ ಹೊರಗೋ ಹೆಂಗ ಹೇಳೂದು?"

"ಅದಕ್ಕೆ ಮೆಷೀನ್ ಇದೆ. ಮೆಷೀನ್ ಹೇಳಿದ್ದೇ ಕೊನೆ."

"ಮೆಷೀನ್ ತಪ್ಪಿದ್ರ?"

"ತಪ್ಪಿದೆ ಎಂದು ತೋರಿಸುವುದಕ್ಕೆ ಗುರುತೇ ಇರುವುದಿಲ್ಲವಲ್ಲ. ಆದ್ದರಿಂದ ತಪ್ಪುವುದಿಲ್ಲ."

ಈ ಮಾತು ಬಿದ್ದ ಕಡೆ ದೊಡ್ಡ ಕುಳಿಯಾಯಿತು. ಎಲ್ಲರೂ ಅದರೊಳಗೆ ಇಣುಕಿ ನೋಡಿದರು. ಆಗ ಶಾವಂತ್ರಕ್ಕ ಕುರ್ಚಿಯ ಮೇಲಿಂದಲೇ ಹೇಳಿದಳು: "ಒಂದು ತಿಳಕೋರಿ. ಸಿಮೆಂಟ್ ಬಿದ್ರ ಹಳೇ ಗುರುತೆಲ್ಲ ಮುಚ್ಚಿ ಹೋಗತಾವು. ನಾ ಹೇಳಿದ ತೀರ್ಪು ಮುಚ್ಚೂದಿಲ್ಲ. ಒಳಗ ಅಂದದ್ದು ಒಳಗ ಇರತೈತಿ. ಆಮ್ಯಾಲೆ ಯಾರೂ ಮರುನೋಟ ಕೇಳಾಕ ಬರಬ್ಯಾಡ್ರಿ."

ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ಎತ್ತುವವರನ್ನು ಎಣಿಸುವುದರಲ್ಲಿದ್ದೆ. ಅರ್ಧ ಊರು ಈ ಕಡೆ, ಅರ್ಧ ಊರು ಆ ಕಡೆ. ಅಂಗಿ ಹರಿಯುವ ಹೊತ್ತಾಯಿತು. ಆಗ ಹೆಂಗಸರ ಸಾಲಿನಿಂದ ಸಭೆಯಲ್ಲಿ ಎಂದೂ ಬಾಯಿ ತೆರೆಯದ ನಮ್ಮವ್ವ ಎದ್ದಳು.

"ಯಾಕ ಬಡದಾಡ್ತೀರಿ? ಅರ್ಧಕ್ಕ ಸಿಮೆಂಟ್ ಹಾಕ್ರಿ, ಅರ್ಧ ಹಂಗ ಇರಲಿ. ಮೂಡಣ ಕಡಿ ಸಿಮೆಂಟು, ಪಡುವಣ ಕಡಿ ಸಗಣಿ. ಎರಡರ ಮ್ಯಾಲೂ ಆಡಿ ನೋಡ್ರಿ. ಯಾವುದು ಚಲೋ ಅನ್ನೂದು ಗೊತ್ತಾಗತೈತಿ."

ಎಂಥ ಬುದ್ಧಿ, ಎಂಥ ಬುದ್ಧಿ ಎಂದು ಊರೆಲ್ಲ ತಲೆದೂಗಿತು. ಸಾಹೇಬನೂ ಒಪ್ಪಿದ. ಪ್ರಯೋಗಕ್ಕೆ ನಾನೂ ಪಿಂಟೋನೂ ಒಂದು ಪಂದ್ಯ ಆಡುವುದು, ಗೆದ್ದರೆ ನನಗೆ ಜಾಗ, ಪಂದ್ಯ ನೋಡಿ ಊರು ನೆಲ ಆರಿಸುವುದು ಎಂದು ತೀರ್ಮಾನವಾಯಿತು. ಟೆನಿಸ್‌ನಲ್ಲಿ ಆಟಗಾರರು ಆಗಾಗ ತುದಿ ಬದಲಿಸುತ್ತಾರೆ, ಹಾಗಾಗಿ ಇಬ್ಬರೂ ಎರಡೂ ನೆಲದ ಮೇಲೆ ಆಡುತ್ತಾರೆ, ಸೋತರೂ ಗೆದ್ದರೂ ನೆಲದ ಬಗ್ಗೆ ಒಂದು ಕಾಳಿನಷ್ಟೂ ತಿಳಿಯುವುದಿಲ್ಲ ಎನ್ನುವುದು ಟೆನಿಸ್ಸನ್ನೇ ಉಂಡು ಟೆನಿಸ್ಸನ್ನೇ ಹೊದೆಯುವ ನಮ್ಮ ಊರಿನಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಮುಚ್ಚಿಡುವುದೇನು?

ಕೋರ್ಟಿನ ಮೂಡಣ ಅರ್ಧಕ್ಕೆ ಸಿಮೆಂಟು ಹಾಕಿದ ದಿನವೇ ಊರಿನ ಮೂಡಣದ ಅಂಗಳಗಳೆಲ್ಲ ಗಟ್ಟಿಯಾದವು. ನೆಟ್ಟಿನ ಸಾಲಿಗೆ ಸರಿಯಾಗಿ ಊರು ಎರಡಾಯಿತು. ನಮ್ಮ ಮನೆ ಪಡುವಣದ ಸಗಣಿಗೆ ಉಳಿಯಿತು. ಸಾಲು ಮೌಲಾಸಾಬನ ಅಂಗಡಿಯ ನಡುವೆ ಹಾದುಹೋಯಿತು. ಒಲೆ ಸಿಮೆಂಟಿಗೆ, ಬೆಂಚು ಸಗಣಿಗೆ. ಗಿರಾಕಿಯ ಬೈಗಳು ಇನ್ನೂ ನೆಲದಿಂದ ಏಳುತ್ತಿರುವಾಗಲೇ ಮೌಲಾಸಾಬನ ಜವಾಬು ಬಂದು ಅವನ ಹಣೆಗೆ ಬಡಿಯುತ್ತಿತ್ತು. ಹೊಸದಾಗಿ ಲಗ್ನವಾದ ಜೋಡಿಯೊಂದರ ಮಂಚವನ್ನೂ ಸಾಲು ಸೀಳಿತ್ತು. ಅವನು ಆಡಿದ ಪ್ರೀತಿಯ ಮಾತು ಅಲ್ಲೇ ಗುರುತಾಗಿ ಉಳಿಯಿತು. ಅವಳು ಆಡಿದ್ದು ಪುಟಿದು ಜಂತಿಗೆ ಬಡಿದು ಅತ್ತೆಯ ಕೋಣೆಗೆ ಹೋಯಿತು. ಮರುದಿನವೇ ಮಂಚ ತಿರುಗಿಸಿದರು. ಜನ ಮೆಲ್ಲಗೆ ಹೊಂದಿಕೊಂಡರು. ಆಣೆ ಮಾಡಿಸುವವರು, ಹೆಣ್ಣು ಒಪ್ಪಿಸುವವರು ಪಡುವಣಕ್ಕೆ ಬಂದರು. ಚಾಡಿ ಹೇಳುವವರು ಮೂಡಣಕ್ಕೆ ಹೋದರು. ಮತ ಕೇಳಲು ಬಂದವರಂತೂ ಪಡುವಣಕ್ಕೆ ಕಾಲೇ ಇಡಲಿಲ್ಲ. ನಾನು ಒಂದು ಸಲ ಮೂಡಣದಲ್ಲಿ ನಿಂತು ಬೀದಿನಾಯಿಯೊಂದಕ್ಕೆ ಬೈದೆ. ಮಾತು ಆಳೆತ್ತರ ಪುಟಿದು, ಓಣಿ ದಾಟಿ, ಗೋಡೆಗೆ ಹೊಡೆದು, ತಿರುಗಿ ಬಂದು ನನ್ನ ಬೆನ್ನಿಗೇ ಬಿತ್ತು. ನಾಯಿ ಬಾಲ ಅಲ್ಲಾಡಿಸುತ್ತ ನೋಡಿತು. ಅವತ್ತು ಮೊದಲ ಸಲ ನನಗೆ ಸಿಮೆಂಟಿನ ಬಗ್ಗೆ ಸಣ್ಣ ಅನುಮಾನ ಬಂತು. ಆದರೆ ಬಾಯಿ ಬಿಟ್ಟರೆ ನಾನು ಕಲ್ಲಪ್ಪನ... ಇರಲಿ ಬಿಡಿ.

ಪಂದ್ಯದ ದಿನ ಕೋರ್ಟಿನ ಸುತ್ತ ಇರುವೆ ನುಗ್ಗಲೂ ಜಾಗವಿರಲಿಲ್ಲ. ಅಪ್ಪ ಪಡುವಣ ತುದಿಯಲ್ಲಿ ರೋಲರ್ ಮೇಲೆ ಬೆನ್ನು ತಿರುಗಿಸಿ ಕೂತಿದ್ದ, ಕತ್ತು ಮಾತ್ರ ನಮ್ಮ ಕಡೆ ತಿರುಗಿತ್ತು. ಸಗಣಿಯ ಕಡೆ ನಾನು ಪಿಂಟೋನನ್ನು ಓಡಿಸಿ ಓಡಿಸಿ ಸುಸ್ತು ಮಾಡಿದೆ. ತುದಿ ಬದಲಿಸಿದಾಗ ಅವನು ಸಿಮೆಂಟಿನ ಮೇಲೆ ಸಿಡಿಲಿನಂತೆ ಹೊಡೆದ. ಪ್ರತಿ ಸಲ ಅಡ್ಡ ಹಾಯುವಾಗ ನೆಟ್ಟಿನ ಹತ್ತಿರ ಸಿಕ್ಕು, "ಒಂದು ಕಾಲಿಗೆ ಹಾಯಾಗಿದೆ ಮಾರಾಯ, ಇನ್ನೊಂದಕ್ಕೆ ಗೊತ್ತೇ ಆಗ್ಲಿಲ್ಲ" ಎನ್ನುತ್ತಿದ್ದ. ಮೂರನೇ ಸೆಟ್ಟಿನ ಕೊನೆಗೆ ನಾನು ಸಗಣಿಯ ಕಡೆ, ಅವನು ಸಿಮೆಂಟಿನ ಕಡೆ. ಇನ್ನೊಂದು ಪಾಯಿಂಟು ಸಿಕ್ಕರೆ ಪಂದ್ಯ ನನ್ನದು. ಮೈಯ ಬಲವೆಲ್ಲ ಹಾಕಿ ಹೊಡೆದೆ. ಚೆಂಡು ಅವನ ಹಿಂದಿನ ಗೆರೆಯ ಹತ್ತಿರ ಬಿದ್ದು ಜನರ ತಲೆಯ ಮೇಲೆ ಹಾರಿಹೋಯಿತು.

ಒಳಗೋ? ಹೊರಗೋ? ಶಾವಂತ್ರಕ್ಕ ಇಳಿದು ಹೋಗಿ ಸಿಮೆಂಟಿನ ಮೇಲೆ ಬಗ್ಗಿದಳು, ಮೊಣಕಾಲೂರಿದಳು, ಅಂಗೈಯಿಂದ ಸವರಿದಳು. ಏನೂ ಇಲ್ಲ, ಬೋಳು. ಸಾಹೇಬನ ಮೆಷೀನು ಇನ್ನೂ ದಾರಿಯಲ್ಲಿತ್ತು. "ನನಗೆ ಕಾಣ್ಲಿಲ್ಲ, ದೇವರಾಣೆ" ಎಂದ ಪಿಂಟೋ. ಆಗ ರೋಲರ್ ಮೇಲಿಂದ ನಮ್ಮಪ್ಪ ಜಿಗಿದು ನಿಂತು ಕೂಗಿದ.

"ಒಳಗೈತಿ! ನನ್ನ ಮಗ ಹೊಡದದ್ದು ಒಳಗೈತಿ!"

ಊರೆಲ್ಲ ಕತ್ತು ಎತ್ತಿತು. ಮಾತು ನನ್ನ ತಲೆಯ ಮೇಲಿಂದ ಹೋಯಿತು. ಇಲ್ಲೇ ಬೀಳು, ಸಗಣಿಯಲ್ಲಿ ಬೀಳು ಎಂದು ನಾನು ಹಲ್ಲು ಕಚ್ಚಿದೆ. ಬಡವನ ಮಾತು, ಸಿಟ್ಟಿನ ಮಾತು, ಬಹಳ ಜೋರಿನಿಂದ ಹೊರಟಿತ್ತು. ನೆಟ್ಟು ದಾಟಿ ಸಿಮೆಂಟಿಗೆ ಬಿದ್ದು, ಪುಟಿದು, ಮತ್ತೆ ಬಿದ್ದು, ಮತ್ತೆ ಪುಟಿದು, ಮೂಡಣದ ಓಣಿಗಳಲ್ಲೆಲ್ಲ ಕುಣಿಯಿತು. ನನ್ನ ಮಗ, ನನ್ನ ಮಗ, ನನ್ನ ಮಗ. ಕುಳಿತಿದ್ದ ಮುದುಕರೂ ಕೇಳಿದರು, ತೊಟ್ಟಿಲ ಕೂಸೂ ಕೇಳಿತು. ಗುರುತು ಮಾತ್ರ ಎಲ್ಲೂ ಬೀಳಲಿಲ್ಲ.

ಶಾವಂತ್ರಕ್ಕ ಕುರ್ಚಿ ಹತ್ತಿದಳು. "ಪಾಯಿಂಟ್ ಮತ್ತೊಮ್ಮೆ ಆಡ್ರಿ."

ಆಡಿದೆ. ಆದರೆ ಕಣ್ಣು ಚೆಂಡಿನ ಮೇಲಿರಲಿಲ್ಲ. ಅಪ್ಪ ಮತ್ತೆ ಬೆನ್ನು ತಿರುಗಿಸಿ ಕೂತಿದ್ದ, ಅವನ ಕಿವಿ ಕೆಂಪಾಗಿತ್ತು. ಆ ಪಾಯಿಂಟು ಹೋಯಿತು, ಆಟ ಹೋಯಿತು, ಪಂದ್ಯವೂ ಹೋಯಿತು. ಪಿಂಟೋ ಕೈ ಕುಲುಕಿ ತನ್ನ ಒಂದು ಮೊಣಕಾಲು ಪಟ್ಟಿ ಬಿಚ್ಚಿ ನನಗೆ ಕೊಟ್ಟ. ಅರ್ಧ ನೆಲದ ಊರಿಗೆ ಟೂರ್ನಿ ಬರುವುದಿಲ್ಲ ಎಂದು ಸಾಹೇಬ ಜೀಪು ಹತ್ತಿದ. ಯಾವ ನೆಲ ಚಲೋ ಎಂದು ಊರು ಅಲ್ಲೇ ಮತ್ತೆ ಬಡಿದಾಟಕ್ಕೆ ನಿಂತಿತು. ನನಗೆ ಅದೊಂದೂ ಕೇಳಿಸಲಿಲ್ಲ. ಶಾವಂತ್ರಕ್ಕನ ಕುರ್ಚಿಯ ಕಾಲು ಹಿಡಿದು ನಿಂತೆ.

"ಯಕ್ಕಾ, ಊರ ಮುಂದ ಮಗ ಅಂದಾನ. ನೀನೂ ಕೇಳೀದಿ."

"ಕೇಳೀನೋ ತಮ್ಮಾ. ಗುರುತೆಲ್ಲೈತಿ?"

"ಅಂದದ್ದು ಸುಳ್ಳೇನು?"

"ಸುಳ್ಳು ಅಂದೆನೇನು? ನಿಮ್ಮ ಅಂಗಳದಾಗಿಂದು ಇನ್ನೂ ಐತಿ, ಇದು ಇಲ್ಲ. ಸಗಣಿ ಮ್ಯಾಲೆ ಬೀಳೂ ಹಂಗ ಇನ್ನೊಮ್ಮೆ ಅನ್ನಾಕ ಹೇಳು."

ಮನೆಗೆ ಓಡಿದೆ. ಅಪ್ಪ ಆಗಲೇ ಬಂದು ಕಟ್ಟೆಯ ಮೇಲೆ ಕಾಲು ಚಾಚಿದ್ದ. ಗೆರೆಯಾಚೆ ನಿಂತು ಕೂಗಿದೆ: "ಕಲ್ಲಪ್ಪನವರ, ಅಲ್ಲಿ ಅಂದದ್ದನ್ನ ಇಲ್ಲಿ ಅನ್ರಿ!"

"ನಾ ಆಡಿದ್ದು ಆಡೇನಿ. ಎರಡನೇ ಸರ್ವ್ ಹಾಕೂ ಪದ್ಧತಿ ನನಗಿಲ್ಲರೀ."

"ಅನ್ನಾಕ ನಿಮಗ ಏನು ಧಾಡಿ?"

"ಕೇಳಿಸ್ಕೊಳ್ಳಾಕ ನಿಮಗ ಏನು ಧಾಡಿ ಆಗಿತ್ತು?"

ನಾವಿಬ್ಬರೂ ಸಂಜೆಯ ತನಕ ಹೀಗೇ ಆಡುತ್ತಿದ್ದೆವೋ ಏನೋ. ಅವ್ವ ಒಳಗಿನಿಂದ ಬಂದಳು, ಕೈಯಲ್ಲಿ ಸುಣ್ಣದ ಬಟ್ಟಲು.

"ಫಕ್ಯಾ, ಶಾವಂತ್ರಿನ ಕರಿ. ಮರುನೋಟ ಬೇಕು ಅನ್ನು."

"ಗುರುತು ಅದ ಐತಿ, ಆಕಿನೂ ಆಕೀನ. ಏನು ಹೊಸಾದು ನೋಡ್ತಾಳಬೇ?"

"ಕರಿ ಅಂದೆ."

ಶಾವಂತ್ರಕ್ಕ ಬಂದಳು. ನೆರಿಗೆ ಹಿಡಿದು ಬಗ್ಗಿದಳು. ಗುರುತು ನೋಡಿದಳು, ಗೆರೆ ನೋಡಿದಳು. ಆಮೇಲೆ ತಲೆ ಎತ್ತಿ ನಮ್ಮವ್ವನನ್ನೇ ನೋಡಿದಳು, ಬಹಳ ಹೊತ್ತು. ಆಗ ನಾನೂ ನೋಡಿದೆ. ಗುರುತು ಇದ್ದ ಕಡೆಯೇ ಇತ್ತು. ಸುಣ್ಣದ ಗೆರೆ ಮಾತ್ರ ಅದಕ್ಕಿಂತ ಒಂದು ಗೇಣು ಮನೆಯ ಕಡೆಗಿತ್ತು. ಗುರುತನ್ನು ಮುಟ್ಟಬಾರದು ಎಂದು ಊರಿನಲ್ಲಿ ಕಟ್ಟಳೆ ಇದೆ. ಗೆರೆಗೆ ಯಾವ ಕಟ್ಟಳೆಯೂ ಇಲ್ಲ. ಅದನ್ನು ದಿನಾ ಬೆಳಿಗ್ಗೆ ಹೊಸದಾಗಿ ಎಳೆಯಬೇಕು.

"ಅತ್ತೀ" ಎಂದಳು ಶಾವಂತ್ರಕ್ಕ.

"ಏನವ್ವಾ?"

"ಏನಿಲ್ಲ. ಗೆರಿ ನೋಡೂದು ನನ್ನ ಕೆಲಸ. ಗೆರಿ ಎಳಿಯೂದು ನಿಮ್ಮ ಕೆಲಸ." ಸೆರಗು ಕೊಡವಿ ನಿಂತಳು. "ಹೊರಗ."

ಅವಳು ಹೋದ ಮೇಲೆ ಅಪ್ಪ ಕಟ್ಟೆಯಿಂದ ಕತ್ತು ಚಾಚಿ ನೋಡಿದ. "ಲೇ, ಅಂಗಳ ಸಣ್ಣ ಆಗೇತಲ್ಲ?"

"ನಿಮ್ಮ ಕಣ್ಣ ಸಣ್ಣ ಆಗ್ಯಾವು" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಒಮ್ಮೆಲೇ ಸರಿಸಿದ್ರ ಆಕಿ ಹಿಡೀತಿದ್ಲು. ದಿನಾ ಒಂದೊಂದು ಎಳಿ ಸರಿಸೇನಿ. ನೀ ಊರ ತುಂಬ ಸಿಮೆಂಟ್ ಸಿಮೆಂಟ್ ಅಂತ ಒದರಿದ್ರ ನನಗ ಪುರಸೊತ್ತು ಎಲ್ಲಿಂದ ಬರಬೇಕಲೇ? ಅದಕ್ಕ ಅರ್ಧ ಮಾಡ್ಸಿದೆ" ಎಂದಳು. ಸಾರಿಸುವ ಬಟ್ಟೆ ತೋಯಿಸಿ ಆ ಗುರುತಿನ ಮೇಲೆ ಒಂದು ಸಲ ಎಳೆದಳು. ಹೋಯಿತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಿಂತೇ ಇದ್ದೆ. ಅಪ್ಪ ಗಂಟಲು ಕೆರೆದ, ಆ ಕಡೆ ನೋಡಿದ, ಈ ಕಡೆ ನೋಡಿದ, ಕೊನೆಗೆ ಬಾಯಿ ತೆರೆದ. ಮಾತು ಕಟ್ಟೆಯಿಂದ ಹೊರಟಿತು, ಅವಸರವೇನೂ ಇಲ್ಲದೆ ಅಂಗಳಕ್ಕೆ ಬಿತ್ತು, ಧೂಳೆಬ್ಬಿಸಿ ನಿಧಾನ ಎದ್ದು ಬಂತು.

"ಉಣ್ಣಾಕ ಬಾ, ಕತ್ತೀ."

ಬಾ ಎಂದದ್ದು ಗೆರೆಯ ಒಳಗೆ, ಸರಿಯಾಗಿ ಒಳಗೆ ಬಿದ್ದಿತ್ತು. ಕತ್ತೆ ಎಂದದ್ದು ಗೆರೆಯ ಹತ್ತಿರ ಹೋಗಿ ಬಿದ್ದಿತ್ತು. ಬಗ್ಗಿ ನೋಡಿದೆ. ಸುಣ್ಣಕ್ಕೆ ತಾಗಿತ್ತು ಎಂದರೆ ತಾಗಿತ್ತು, ಇಲ್ಲ ಎಂದರೆ ಇಲ್ಲ. ನಾನು ಶಾವಂತ್ರಕ್ಕನನ್ನು ಕರೆಯಲಿಲ್ಲ. ಒಳಗೇ ಇರಲಿ ಎಂದುಕೊಂಡು ಗೆರೆ ದಾಟಿದೆ.